ಫರಸಿಯ ಕೆಳಗಿನ ಇರುವೆ ಸಂಸಾರ

ಮಣ್ಣಿನಲ್ಲಿ ನೆಲೆಯೂರಿದ ಇರುವೆ ಸಂಸಾರವನ್ನು ಎಬ್ಬಿಸಿ ತಂದು ಮನೆಯೊಳಗಿನ ಕೃತಕ ಗೂಡಿನಲ್ಲಿ ಇರಿಸಬೇಕೆಂದು ಬಯಸುವವರಿಗೆ, ಆದಷ್ಟು ಮಟ್ಟಿಗೆ ಆ ಕೆಲಸಕ್ಕೆ ಕೈಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಇರುವೆ ಸಾಕುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ರೆಕ್ಕೆಯುಳ್ಳ ಹೆಣ್ಣು ಮತ್ತು ಗಂಡು ಇರುವೆಗಳು ಗೂಡಿನಿಂದ ಹಾರಿ ಹೊರಬೀಳುತ್ತವೆ. ಕೂಡಿದ ಹೆಣ್ಣು ತನ್ನ ರೆಕ್ಕೆಗಳನ್ನು ತಾನೇ ಉದುರಿಸಿಕೊಂಡು, ಬಿಲ ತೋಡಲು ಜಾಗ ಹುಡುಕುತ್ತ ನೆಲದ ಮೇಲೆ ಒಂಟಿಯಾಗಿ ಓಡಾಡುತ್ತದೆ. ಅಂಥದೊಂದನ್ನು ಹಿಡಿದು, ಅರ್ಧ ನೀರು ತುಂಬಿ, ಆ ನೀರಿಗೆ ಹತ್ತಿಯ ಬಿರಡೆ ಹಾಕಿದ ಪ್ರನಾಳದ ಉಳಿದ ಅರ್ಧದಲ್ಲಿ ಬಿಟ್ಟು ಕತ್ತಲಲ್ಲಿಟ್ಟರೆ, ಅದು ತನ್ನ ಮೈಯಲ್ಲಿ ಕೂಡಿಟ್ಟ ಕೊಬ್ಬು ಮತ್ತು ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮೊದಲ ಮರಿಗಳನ್ನು ಸಾಕಿಕೊಳ್ಳುತ್ತದೆ. ಹಾಗೆ ಹೊರಬಿದ್ದ ಹೆಣ್ಣುಗಳಲ್ಲಿ ಬಹುಪಾಲು ಹೇಗೂ ಹಕ್ಕಿ, ಹಲ್ಲಿ, ಜೇಡ ಮತ್ತು ಬೇರೆ ಇರುವೆಗಳ ಬಾಯಿಗೆ ಬೀಳುವುದರಿಂದ, ಒಂದನ್ನು ತೆಗೆದುಕೊಂಡರೆ ಆ ನೆಲಕ್ಕೆ ದೊಡ್ಡ ನಷ್ಟವಿಲ್ಲ. ಬೆಳೆದ ಗೂಡನ್ನು ಅಗೆಯುವುದು ಹಾಗಲ್ಲ: ಗೂಡು ಅಂತೂ ಕೆಡುತ್ತದೆ, ರಾಣಿ ಕೈಗೆ ಸಿಗದೆ ಹೋದರೆ ನಾವು ತಂದ ಕೆಲಸಗಾರ ಇರುವೆಗಳೂ ಕೆಲವು ತಿಂಗಳಲ್ಲಿ ಒಂದೊಂದಾಗಿ ಸಾಯುತ್ತವೆ.

ಇಷ್ಟು ತಿಳಿದೂ ನಾನು ಅಗೆಯಬೇಕಾಗಿ ಬಂದದ್ದು ಶಹಾಬಾದಿನಲ್ಲಿರುವ ನಮ್ಮ ಕಾಕಾ ಅವರ ಹಿತ್ತಿಲಿನಿಂದಾಗಿ. ಅಲ್ಲಿ ಹಳೆಯ ಮನೆ ಕೆಡವಿದಾಗ ಉಳಿದ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಗೋಡೆಯ ಪಕ್ಕದ ಕರಿಮಣ್ಣಿನ ಮೇಲೆ ಹಾಸಿ ಬಿಟ್ಟಿದ್ದರು. ಅದೇ ಜಾಗದಲ್ಲಿ ಕೊಠಡಿ ಕಟ್ಟಿಸಲು ಪಾಯ ತೋಡಿಸಬೇಕಾಗಿತ್ತು, ಒಂದು ಕಲ್ಲಿನ ಅಡಿಯಲ್ಲಿ ಇರುವೆಗಳು ಸೇರಿಕೊಂಡಿರುವುದು ತಿಳಿದು ಪುಡಿ ಹೊಡೆಸುವ ಮಾತೂ ಆಗಿತ್ತು. ನಾನು ತಡೆದೆ. "ನಾಡದ ಆಳ ಬರ್ತಾರ ಪಾಯ ತೋಡಲಾಕ. ಅದರಾಗ ನಿನ್ನ ಇರವಿ ತಗೊಂಡು ಹೋಗಪಾ ತಮ್ಮಾ, ನನಗೇನು ಅಡ್ಡಿ ಇಲ್ಲ," ಎಂದು ಕಾಕಾ ಹೇಳಿದರು. ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನ್ನ ಬಳಿ, ಮಕ್ಕಳಿಗೆ ತೋರಿಸುವ ಸಲುವಾಗಿ ಕೊರೆದಿಟ್ಟ ಗೂಡೊಂದು ಖಾಲಿಯಾಗಿಯೇ ಇತ್ತು. ಗೂಡು ಸಿದ್ಧವಿಲ್ಲದೆ ಇದ್ದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಸಂಸಾರವನ್ನು ತಂದು ಡಬ್ಬಿಯಲ್ಲಿಟ್ಟು, ಆಮೇಲೆ ಗೂಡು ಕಟ್ಟುತ್ತ ಕೂರುವುದೇ ಈ ಕೆಲಸದಲ್ಲಿ ಹೆಚ್ಚು ಇರುವೆಗಳನ್ನು ಕೊಲ್ಲುತ್ತದೆ.

ಇರುವೆ ಯಾವುದೆಂಬುದು ಮೊದಲೇ ಖಚಿತವಾಗಿತ್ತು. ನಮ್ಮ ಹೊಲಗಳಲ್ಲಿ, ಮನೆಯ ಅಂಗಳಗಳಲ್ಲಿ, ಜಾಲಿ ಗಿಡದ ಟೊಂಗೆಗಳಲ್ಲಿ ಎಲ್ಲರೂ ಕಂಡಿರುವ ದೊಡ್ಡ ಕರಿ ಇರುವೆ, ಗೊದ್ದ. ವಿಜ್ಞಾನಿಗಳು ಇದನ್ನು ಕ್ಯಾಂಪೊನೋಟಸ್ ಕಂಪ್ರೆಸ್ಸಸ್ ಎನ್ನುತ್ತಾರೆ. 1787ರಲ್ಲಿ ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ ಇದನ್ನು ಮೊದಲು ವಿವರಿಸಿದ. ಒಂದೇ ರಾಣಿಯ ಮಕ್ಕಳಾದರೂ ಕೆಲಸಗಾರ ಇರುವೆಗಳು ಒಂದೇ ಅಳತೆಯವಲ್ಲ: ಸಣ್ಣ ತಲೆಯ ಚಿಕ್ಕವುಗಳಿಂದ ಹಿಡಿದು, ಅಗಲ ತಲೆ ಮತ್ತು ಬಲವಾದ ದವಡೆಯ ದೊಡ್ಡವುಗಳವರೆಗೆ ಎಲ್ಲ ಗಾತ್ರದವೂ ಒಂದೇ ಗೂಡಿನಲ್ಲಿರುತ್ತವೆ. ಇವುಗಳಿಗೆ ಕೊಂಡಿಯಿಲ್ಲ, ಕಚ್ಚಿ, ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲವನ್ನು ಚಿಮ್ಮುತ್ತವೆ. ಈ ಆಮ್ಲದ ಸಂಗತಿ ಸಾಗಣೆಯ ಹೊತ್ತಿನಲ್ಲಿ ಬಹಳ ಮುಖ್ಯವಾಗುವುದರಿಂದ ಮುಂದೆ ಅದರ ಬಗ್ಗೆ ಮತ್ತೆ ಬರೆಯುತ್ತೇನೆ. ಸಾಕುವವರು ತಿಳಿದಿರಬೇಕಾದ ಇನ್ನೊಂದು ವಿಷಯವೆಂದರೆ, ಬಹಳಷ್ಟು ಇರುವೆಗಳ ಎದೆಯ ಹಿಂಭಾಗದಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ತಡೆಯುವ ರಸ ಸ್ರವಿಸುವ ಗ್ರಂಥಿಯೊಂದು ಇರುತ್ತದೆ. ಕ್ಯಾಂಪೊನೋಟಸ್ ಕುಲದ ಹೆಚ್ಚಿನ ಜಾತಿಗಳಲ್ಲಿ ಅದು ಇಲ್ಲ. ಆದ್ದರಿಂದ ಗೂಡಿನ ತೇವ ಅತಿಯಾಗಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಇವುಗಳ ಸಾಕಣೆಯಲ್ಲಿ ಇನ್ನಷ್ಟು ಅಗತ್ಯ.

ಗೂಡನ್ನು ನಾನು ಎಎಸಿ ಬ್ಲಾಕ್ ಎಂದು ಕರೆಯುವ ಹಗುರ ಇಟ್ಟಿಗೆಯಲ್ಲಿ ಕೊರೆದಿದ್ದೆ. ಸಿಮೆಂಟು, ಸುಣ್ಣ, ಹಾರುಬೂದಿಗಳ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಸೇರಿಸಿದಾಗ ಹುಟ್ಟುವ ಜಲಜನಕದ ಗುಳ್ಳೆಗಳು ಈ ಇಟ್ಟಿಗೆಯ ತುಂಬ ಸಣ್ಣ ರಂಧ್ರಗಳನ್ನು ಮಾಡುತ್ತವೆ. ಆ ರಂಧ್ರಗಳು ನೀರನ್ನು ಹೀರಿ ನಿಧಾನವಾಗಿ ಬಿಡುತ್ತವೆ. ಈಗ ಎಲ್ಲೆಡೆ ಮನೆ ಕಟ್ಟಲು ಇದನ್ನೇ ಬಳಸುವುದರಿಂದ ಕಟ್ಟಡಗಳ ಬಳಿ ಒಡೆದ ತುಂಡುಗಳು ಸುಲಭವಾಗಿ ದೊರೆಯುತ್ತವೆ. ನಮ್ಮ ಜಿಲ್ಲೆಯ ಹೆಮ್ಮೆಯಾದ ಫರಸಿ ಕಲ್ಲು ಇದಕ್ಕೆ ಬರುವುದಿಲ್ಲ. ಅದು ಗಟ್ಟಿ ಸುಣ್ಣಕಲ್ಲು, ನೀರನ್ನು ಅಷ್ಟಾಗಿ ಹೀರುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸುಲಭವೇನೋ ಹೌದು, ಆದರೆ ಬಲವಾದ ದವಡೆಯ ಈ ಇರುವೆಗಳು ಒದ್ದೆ ಪ್ಲಾಸ್ಟರನ್ನು ಕೆರೆದು ತಮಗೆ ಬೇಕಾದ ಕಡೆ ದಾರಿ ಮಾಡಿಕೊಳ್ಳುತ್ತವೆ.

ಬ್ಲಾಕನ್ನು ಗರಗಸದಿಂದ ಒಂದು ಗೇಣು ಉದ್ದ, ನಾಲ್ಕು ಬೆರಳು ದಪ್ಪದ ಹಲಗೆಯಾಗಿ ಕೊಯ್ದು, ಹಳೆಯ ಸ್ಕ್ರೂಡ್ರೈವರಿನಿಂದ ಒಂದು ಮುಖದ ಮೇಲೆ ಕೋಣೆಗಳನ್ನೂ ಓಣಿಗಳನ್ನೂ ಕೆತ್ತಬೇಕು. ಕೆತ್ತುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು; ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲಾಕಿಗೆ ನೀರು ಚಿಮುಕಿಸಿಕೊಂಡೇ ಕೆತ್ತುವುದು ಕ್ಷೇಮ. ಕೋಣೆಗಳ ಆಳ ಸುಮಾರು 12 ಮಿಲಿಮೀಟರ್, ಓಣಿಗಳ ಅಗಲ ಸುಮಾರು 10 ಮಿಲಿಮೀಟರ್ ಇಟ್ಟೆ. ರಾಣಿಯೂ ದೊಡ್ಡ ತಲೆಯ ಇರುವೆಗಳೂ ತಿರುಗಿಕೊಳ್ಳಲು ಅಷ್ಟು ಬೇಕು. ಒಂದು ತುದಿಯಲ್ಲಿ ಕೋಣೆಗಳಿಗೆ ಸೇರದ ಹಾಗೆ ಒಂದು ಗುಂಡಿ ತೋಡಿ ಅದಕ್ಕೆ ನೀರು ಹಾಕಿದರೆ, ಹತ್ತಿರದ ಕೋಣೆ ಚೆನ್ನಾಗಿ ತೇವವಾಗಿ, ಮಧ್ಯದವು ಅರೆತೇವವಾಗಿ, ದೂರದ ಕೊನೆಯ ಕೋಣೆ ಒಣಗಿಯೇ ಉಳಿಯುತ್ತದೆ. ಈ ಏರ್ಪಾಡು ನನ್ನದಲ್ಲ. ಫ್ರಾನ್ಸಿನ ಚಾರ್ಲ್ಸ್ ಜಾನೆ 19ನೆಯ ಶತಮಾನದ ಕೊನೆಯಲ್ಲಿ ಪ್ಲಾಸ್ಟರಿನಲ್ಲಿ ಇಂಥ ಗೂಡುಗಳನ್ನು ಮಾಡಿದ್ದ, ಇಂದಿಗೂ ಅದಕ್ಕಿಂತ ಜಾಣತನದ ವಿನ್ಯಾಸವನ್ನು ನಾನು ಕಂಡಿಲ್ಲ. ಮೊಟ್ಟೆಗೆ ಹೆಚ್ಚು ತೇವ ಬೇಕು, ಮರಿಹುಳು ಇರುವೆಯಾಗುವ ಮುಂಚಿನ ಹಂತವಾದ, ರೇಷ್ಮೆಯ ಗೂಡಿನೊಳಗಿರುವ ಕೋಶಗಳಿಗೆ ಒಣ ಜಾಗ ಹಿತ; ಯಾವುದನ್ನು ಎಲ್ಲಿಡಬೇಕೆಂದು ಇರುವೆಗಳೇ ಆರಿಸಿಕೊಳ್ಳಲು ಎಡೆ ಸಿಗುತ್ತದೆ. ಹೊಸ ಬ್ಲಾಕಿನಲ್ಲಿ ಕ್ಷಾರ ಹೆಚ್ಚಿರುವುದರಿಂದ ಕೆತ್ತಿದ ಮೇಲೆ ಹಲವು ಸಲ ನೀರು ಬದಲಿಸುತ್ತ ನೆನೆಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಗಾಜು ಕೂರಿಸಿದೆ. ಬಾಗಿಲಿಗೆ, ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವಲ್ ಪೈಪಿನ ತುಂಡನ್ನು ಹಾಕಿದ್ದೆ.

ಗೂಡು ಸಣ್ಣದಿರಬೇಕೆಂಬುದನ್ನು ಇಲ್ಲಿಯೇ ಒತ್ತಿ ಹೇಳುತ್ತೇನೆ. ಜಾಗ ಹೆಚ್ಚಾದಷ್ಟು ಇರುವೆಗಳಿಗೆ ಅನುಕೂಲ ಎಂದು ಎಲ್ಲರಿಗೂ ತೋರುತ್ತದೆ. ಆದರೆ ಬಳಕೆಗೆ ಬಾರದ ಕೋಣೆಯನ್ನು ಅವು ತಿಪ್ಪೆ ಮಾಡಿಕೊಳ್ಳುತ್ತವೆ. ತಿಂದುಳಿದ ಹುಳುವಿನ ಚೂರುಗಳೂ ಸತ್ತ ಇರುವೆಗಳೂ ಅಲ್ಲಿ ಬಿದ್ದು, ನಮ್ಮ ಕೈಗೆ ಸಿಗದ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ.

ಅಗೆಯಲು ಆರಿಸಿಕೊಂಡದ್ದು ಜನವರಿಯ ಬೆಳಿಗ್ಗೆ. ಅದಕ್ಕೆ ಎರಡು ಕಾರಣಗಳಿದ್ದವು. ಗೊದ್ದಗಳು ಹೆಚ್ಚಾಗಿ ಸಂಜೆಯ ನಂತರ ಮೇವಿಗೆ ಹೋಗುವುದರಿಂದ ಬೆಳಿಗ್ಗೆ ಸಂಸಾರದ ದೊಡ್ಡ ಪಾಲು ಮನೆಯಲ್ಲಿಯೇ ಇರುತ್ತದೆ. ಚಳಿಗಾಲದಲ್ಲಿ ರಾತ್ರಿಯ ತಂಪಿಗೆ ಆಳಕ್ಕೆ ಇಳಿದಿದ್ದ ಮರಿಗಳನ್ನು, ಕಲ್ಲು ಬಿಸಿಲಿಗೆ ಕಾದಂತೆ ಅವು ಮೇಲಕ್ಕೆ ತಂದು ಕಲ್ಲಿನ ಒಳಮೈಗೆ ಹತ್ತಿರ ಹರಡುತ್ತವೆ. ರಾಣಿಯೂ ಬಹುಮಟ್ಟಿಗೆ ಅದರ ಆಸುಪಾಸಿನಲ್ಲಿಯೇ ಇರುತ್ತದೆ. ಬೇಸಿಗೆಯಲ್ಲಿ ಇದೇ ಗೂಡನ್ನು ಅಗೆದಿದ್ದರೆ, ಬಿರಿದ ಕರಿಮಣ್ಣಿನ ಸೀಳುಗಳಲ್ಲಿ ಅವು ಎಷ್ಟು ಆಳಕ್ಕೆ ಇಳಿದಿರುತ್ತಿದ್ದವೋ, ಹಾರೆ ಹಾಕಿದರೂ ರಾಣಿ ಸಿಗುತ್ತಿರಲಿಲ್ಲ.

ಬಿಸಿಲು ಏರಿದ ಮೇಲೆ ನಾನೂ ಕಾಕಾ ಅವರ ಮಗನೂ ಕಲ್ಲಿನ ಒಂದು ಅಂಚಿಗೆ ಹಾರೆ ಕೊಟ್ಟು ಒಂದೇ ಸಲಕ್ಕೆ ಎತ್ತಿ ಗೋಡೆಗೆ ಒರಗಿಸಿದೆವು. ಮೆಲ್ಲನೆ ಎತ್ತುವುದಕ್ಕಿಂತ ಹೀಗೆ ಒಮ್ಮೆಗೇ ಎತ್ತುವುದು ಮೇಲು. ಅಲುಗಾಟದ ಸೂಚನೆ ಸಿಕ್ಕಷ್ಟೂ ಅವು ಮರಿಗಳನ್ನು ಒಳಗೆ ಸಾಗಿಸುತ್ತವೆ. ಕಲ್ಲಿನ ಕೆಳಗೆ ಅಂಗೈಯಗಲದ ತಗ್ಗುಗಳು, ಅವುಗಳಲ್ಲಿ ತಿಳಿಕಂದು ಬಣ್ಣದ ಕೋಶಗಳ ರಾಶಿ, ಪಕ್ಕದಲ್ಲಿ ಬಿಳಿಯ ಮರಿಹುಳುಗಳು ಬೇರೆಯಾಗಿಯೇ ಇದ್ದವು. ಬೆಳಕು ಬಿದ್ದ ಕ್ಷಣದಲ್ಲಿ ಪ್ರತಿಯೊಂದು ಇರುವೆಯೂ ಹತ್ತಿರದ ಕೋಶವನ್ನು ಕಚ್ಚಿಕೊಂಡು ತೂತುಗಳ ಕಡೆ ಓಡತೊಡಗಿತು. ಆ ಹೊತ್ತಿನಲ್ಲಿ ಮರಿಗಳನ್ನು ಬಾಚಿಕೊಳ್ಳಲು ಕೈ ಮುಂದಾಗುತ್ತದೆ, ಆದರೆ ಕಣ್ಣು ಹುಡುಕಬೇಕಾದ್ದು ರಾಣಿಯನ್ನು. ಮೇಲಿನ ತಗ್ಗುಗಳಲ್ಲಿ ಅದು ಕಾಣಲಿಲ್ಲ. ಕಾಕಾ ಅವರ ಮಗನಿಗೆ ಚಮಚ ಮತ್ತು ಮೆತ್ತನೆಯ ಕುಂಚ ಕೊಟ್ಟು ಮರಿಗಳನ್ನು ಮಣ್ಣಿನ ಸಮೇತ ಟಬ್ಬಿಗೆ ಎತ್ತಿ ಹಾಕುವ ಕೆಲಸ ಒಪ್ಪಿಸಿ, ನಾನು ಮುಖ್ಯ ಓಣಿಯ ಬೆನ್ನುಹತ್ತಿದೆ.

ಕರಿಮಣ್ಣಿನಲ್ಲಿ ಓಣಿಯ ಜಾಡು ಹಿಡಿಯುವುದು ಕಷ್ಟ. ಕುರ್ಪಿ ತಗುಲಿದರೆ ಹೆಂಟೆ ಒಡೆದು ತೂತು ಮುಚ್ಚಿಹೋಗುತ್ತದೆ, ಆಮೇಲೆ ಯಾವುದು ಬಿರುಕು, ಯಾವುದು ದಾರಿ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಸೀಮೆಸುಣ್ಣದ ಪುಡಿಯನ್ನು ತೆಳುವಾದ ನಳಿಕೆಯಲ್ಲಿ ತುಂಬಿಕೊಂಡು ಓಣಿಯೊಳಗೆ ಊದುತ್ತ, ಒಂದು ಹುಲ್ಲುಕಡ್ಡಿಯನ್ನೂ ತೂರಿಸಿಟ್ಟುಕೊಂಡು ಅಗೆದೆ. ಕಪ್ಪು ಮಣ್ಣಿನಲ್ಲಿ ಬಿಳಿಯ ಗೆರೆ ಎಲ್ಲಿಯೂ ತಪ್ಪಿಹೋಗುವುದಿಲ್ಲ. ಬಿಳಿಯ ಗೆರೆ ಮೊಣಕೈಯಷ್ಟು ಆಳಕ್ಕೆ ಇಳಿದು, ಪಕ್ಕಕ್ಕೆ ಹೊರಳಿ, ಅಗಲವಾದ ಒಂದು ಕೋಣೆಯನ್ನು ಸೇರಿತು. ಅದರ ಬಾಯಿ ತೆರೆದಾಗ ದೊಡ್ಡ ತಲೆಯ ಇರುವೆಗಳು ದವಡೆ ಬಿಚ್ಚಿ ಹೊರಗೆ ನುಗ್ಗಿದವು, ಆಮ್ಲದ ಘಾಟು ಮೂಗಿಗೆ ಹತ್ತಿತು. ಒಳಗೆ ಇರುವೆಗಳು ಒಂದರ ಮೇಲೊಂದು ಹತ್ತಿ ಮುದ್ದೆಯಾಗಿ ಕೂತಿದ್ದವು. ಕುಂಚದಿಂದ ಆ ಮುದ್ದೆಯನ್ನು ಬಿಡಿಸಿದಾಗ ನಡುವೆ ರಾಣಿ ಇತ್ತು. ಅದರ ಎದೆ ಎತ್ತರವಾಗಿ ದುಂಡಗಿತ್ತು, ಹಿಂದೊಮ್ಮೆ ರೆಕ್ಕೆಗಳು ಇದ್ದಲ್ಲಿ ಎರಡೂ ಬದಿಗೆ ಸಣ್ಣ ಗಾಯದ ಗುರುತುಗಳು ಸ್ಪಷ್ಟವಾಗಿ ಕಂಡವು. ಹೊಟ್ಟೆ ಹಿಗ್ಗಿ, ಕಪ್ಪು ಪಟ್ಟಿಗಳ ನಡುವಿನ ತಿಳಿಯಾದ ಪೊರೆ ಗೆರೆಗೆರೆಯಾಗಿ ಬಿಟ್ಟುಕೊಂಡಿತ್ತು. ಅದನ್ನು ಚಿಮಟದಿಂದ ಹಿಡಿಯಲು ಮನಸ್ಸು ಬರಲಿಲ್ಲ. ಪ್ರನಾಳದ ಬಾಯಿಯನ್ನು ಮುಂದಿಟ್ಟು ಹಿಂದಿನಿಂದ ಕುಂಚ ತಾಗಿಸಿದೆ, ಕತ್ತಲಿನ ಕಡೆಗೆ ತಾನೇ ನಡೆದು ಒಳಹೊಕ್ಕಿತು. ಜೊತೆಗೆ ಒಂದಷ್ಟು ಚಿಕ್ಕ ಇರುವೆಗಳನ್ನೂ ಬಿಟ್ಟು ಹತ್ತಿಯ ಬಿರಡೆ ಹಾಕಿದೆ. ಒಂಟಿಯಾಗಿಟ್ಟರೆ ರಾಣಿ ಕಂಗೆಡುತ್ತದೆ.

ಅದೇ ಮಣ್ಣಿನಲ್ಲಿ ರೆಕ್ಕೆಯಿಲ್ಲದ, ಎಳ್ಳಿನಷ್ಟೇ ದೊಡ್ಡದಾದ, ಮಿಡತೆಯ ಬಳಗದ ಒಂದು ಜೀರುಂಡೆ ಪುಟಪುಟನೆ ಜಿಗಿಯುತ್ತಿತ್ತು. ಇರುವೆ ಗೂಡುಗಳಲ್ಲಿಯೇ ಬದುಕುವ, ಇರುವೆಗಳ ಮೈ ನೆಕ್ಕಿ ಅವುಗಳ ಮೇವಿನಲ್ಲಿ ಪಾಲು ಕದಿಯುವ ಜೀವಿ ಅದು. ಹಿಡಿಯಲು ನೋಡಿದೆ, ಬಿರುಕಿನೊಳಗೆ ಹೊಕ್ಕು ಮರೆಯಾಯಿತು.

ಮೇವಿಗೆ ಹೋದ ಇರುವೆಗಳು ಉಳಿದೇ ಉಳಿಯುತ್ತವೆ. ಅವುಗಳಿಗಾಗಿ, ಅಗೆದ ಗುಂಡಿಯ ಪಕ್ಕದಲ್ಲಿ ಒದ್ದೆ ಗೋಣಿಚೀಲದ ಮೇಲೆ ಹೆಂಚಿನ ಚೂರುಗಳನ್ನು ಬೋರಲು ಹಾಕಿ, ಒಂದಿಷ್ಟು ಗೂಡಿನ ಮಣ್ಣನ್ನೂ ಉದುರಿಸಿ ಬಂದೆ. ಮಾರನೆಯ ದಿನ ಹೋದಾಗ ಚೂರುಗಳ ಕೆಳಗೆ ಒಳ್ಳೆಯ ಗುಂಪೇ ಸೇರಿತ್ತು, ಅವುಗಳನ್ನೂ ತಂದೆ.

ಇನ್ನು ಸಾಗಣೆ. ಶಹಾಬಾದಿನಿಂದ ಕಲಬುರಗಿ ದೂರವೇನಲ್ಲ, ಆದರೆ ಅಷ್ಟು ಹೊತ್ತಿನಲ್ಲಿಯೇ ಮುಚ್ಚಿದ ಡಬ್ಬಿಯೊಳಗೆ ಇರುವೆಗಳು ಸತ್ತುಹೋಗಬಲ್ಲವು. ಗಾಬರಿಗೊಂಡು ಅವು ಚಿಮ್ಮಿದ ಫಾರ್ಮಿಕ್ ಆಮ್ಲದ ಆವಿ ಗಾಳಿಯಾಡದ ಜಾಗದಲ್ಲಿ ತುಂಬಿಕೊಂಡು ಅವುಗಳನ್ನೇ ಕೊಲ್ಲುತ್ತದೆ. ಆದ್ದರಿಂದ ಮುಚ್ಚಳದ ಬಹುಭಾಗ ಕತ್ತರಿಸಿ ಅಲ್ಲಿ ಸಣ್ಣ ಕಣ್ಣಿನ ತಂತಿ ಬಲೆ ಅಂಟಿಸಿದ ಅಗಲವಾದ ಡಬ್ಬಿಗಳನ್ನು ಒಯ್ದಿದ್ದೆ. ಒಳಗೆ ಮುದುಡಿದ ಕಾಗದ ಮತ್ತು ಹಿಂಡಿದ ಒದ್ದೆ ಹತ್ತಿ ಇಟ್ಟಿದ್ದೆ. ಇರುವೆಗಳನ್ನು ಬಾಯಿಂದ ಹೀರುವ ನಳಿಕೆಯಿಂದ ಹಿಡಿಯುವ ಪದ್ಧತಿಯಿದೆ, ಆದರೆ ಆಮ್ಲ ಚಿಮ್ಮುವ ಜಾತಿಗಳಿಗೆ ಅದು ಬೇಡ. ಆವಿ ನೇರವಾಗಿ ಗಂಟಲಿಗೆ ಇಳಿಯುತ್ತದೆ.

ಮನೆಗೆ ಬಂದ ಮೇಲೆ ಮಾಡಿದ್ದೆಲ್ಲ ಒಂದೇ ತತ್ತ್ವದ ಮೇಲೆ ನಿಂತಿತ್ತು. ಇರುವೆಗಳನ್ನು ಹಿಡಿದು ಹೊಸ ಗೂಡಿಗೆ ಸುರಿಯಬಾರದು. ಸುರಿದರೆ ಅವು ಅಲ್ಲಿಂದ ಓಡಲೆಂದೇ ದಾರಿ ಹುಡುಕುತ್ತವೆ, ತುಳಿದಾಟದಲ್ಲಿ ಮೊಟ್ಟೆ ಮರಿಗಳು ಹಾಳಾಗುತ್ತವೆ, ಹೆದರಿದ ಸಂಸಾರ ತನ್ನ ಮರಿಗಳನ್ನು ತಾನೇ ತಿನ್ನುವುದೂ ಉಂಟು. ಈಗಿರುವ ಜಾಗ ಕ್ರಮೇಣ ಒಣಗುತ್ತ, ಬೆಳಕಾಗಿ, ಇರಲು ಒಗ್ಗದಂತಾಗಬೇಕು; ಕೂಗಳತೆಯಲ್ಲಿ ಕತ್ತಲೂ ತೇವವೂ ಇಕ್ಕಟ್ಟೂ ಆದ ಇನ್ನೊಂದು ಜಾಗ ಇರಬೇಕು. ಆಗ ಸಂಸಾರ ತಾನೇ ಮನೆ ಬದಲಿಸುತ್ತದೆ. ಕಾಡಿನಲ್ಲಿಯೂ ಇರುವೆಗಳು ನೀರು ನುಗ್ಗಿದಾಗ, ನೆರಳು ಹೋದಾಗ, ಗೂಡು ಕುಸಿದಾಗ ಹೀಗೆಯೇ ಮಾಡುತ್ತವೆ. ಆ ವಿದ್ಯೆ ಅವುಗಳಿಗೆ ಹುಟ್ಟಿನಿಂದಲೇ ಬಂದದ್ದು.

ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಒಳಗೋಡೆಯ ಮೇಲ್ಭಾಗಕ್ಕೆ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಕಲಸಿದ ಟಾಲ್ಕಂ ಪೌಡರನ್ನು ಹತ್ತಿಯಿಂದ ಬಳಿದೆ. ಸ್ಪಿರಿಟ್ಟು ಆರಿದ ಮೇಲೆ ಉಳಿಯುವ ನಯವಾದ ಪುಡಿಯ ಪದರದ ಮೇಲೆ ಇರುವೆಯ ಕಾಲು ನಿಲ್ಲುವುದಿಲ್ಲ. ಮಲೆನಾಡಿನ ತೇವದಲ್ಲಿ ಈ ಪದರ ಬೇಗ ಕೆಡುತ್ತದೆ, ನಮ್ಮ ಒಣ ಹವೆಯಲ್ಲಿ ವಾರಗಟ್ಟಲೆ ಬಾಳುತ್ತದೆ. ಟಬ್ಬಿನ ಒಂದು ಬದಿಗೆ ತಂದ ಮಣ್ಣನ್ನು ತೆಳ್ಳಗೆ ಹರಡಿ, ಮರಿಗಳನ್ನು ಅದರ ಮೇಲೆಯೇ ಬಿಟ್ಟು, ರಾಣಿಯಿದ್ದ ಪ್ರನಾಳದ ಬಿರಡೆ ತೆಗೆದು ಮಲಗಿಸಿದೆ. ಇನ್ನೊಂದು ಬದಿಗೆ ನೀರು ಹಾಕಿ ನೆನೆಸಿದ ಬ್ಲಾಕನ್ನಿಟ್ಟು, ಗಾಜಿನ ಮೇಲೆ ದಪ್ಪ ರಟ್ಟು ಮುಚ್ಚಿ, ಲೆವಲ್ ಪೈಪಿನ ತುದಿ ಮಣ್ಣಿಗೆ ತಾಗುವಂತೆ ಇರಿಸಿದೆ. ಮಣ್ಣಿನ ಮೇಲೆ ಮಾತ್ರ ದೀಪ ಉರಿಯುತ್ತಿತ್ತು. ಒಂದು ಬಿಲ್ಲೆ ಮುಚ್ಚಳದಲ್ಲಿ ಸಕ್ಕರೆ ನೀರನ್ನು ಹತ್ತಿಗೆ ಹೀರಿಸಿ ಇಟ್ಟೆ. ಮಿಕ್ಸರ್, ಫ್ರಿಜ್ಜುಗಳಿಂದ ದೂರವಾದ ಕೋಣೆ ಅದು. ನೆಲದ ಕಂಪನ ಇರುವೆಗಳಿಗೆ ಬೆಳಕಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಮೊದಲ ರಾತ್ರಿ ಅವು ಮರಿಗಳನ್ನು ಮಣ್ಣಿನ ಹೆಂಟೆಗಳ ಅಡಿಗೆ ಸೇರಿಸಿಕೊಂಡು ಕೂತವು. ಹೊಸ ಗೂಡಿನ ಕಡೆ ಒಂದೆರಡು ಇರುವೆಗಳು ಪೈಪಿನ ಬಾಯಿಯವರೆಗೆ ಬಂದು, ಮೀಸೆ ಆಡಿಸಿ, ತಿರುಗಿ ಹೋದವು. ಬೆಳಗಾಗುವ ಹೊತ್ತಿಗೆ ಕೆಲವು ಒಳಹೊಕ್ಕು ಕೋಣೆ ಕೋಣೆಯನ್ನೂ ಸುತ್ತಿ ಬರುತ್ತಿದ್ದವು. ಈ ಹಂತದಲ್ಲಿ ಮನುಷ್ಯ ಮಾಡಬೇಕಾದ್ದು ಏನೂ ಇಲ್ಲ, ಅದೇ ಬಹಳ ಕಷ್ಟದ ಕೆಲಸ. ಬ್ರಿಸ್ಟಲ್ ವಿಶ್ವವಿದ್ಯಾಲಯದ ನೈಜೆಲ್ ಫ್ರಾಂಕ್ಸ್ ಮತ್ತು ಅವರ ಸಂಗಡಿಗರು ಟೆಮ್ನೊಥೊರಾಕ್ಸ್ ಎಂಬ ಪುಟ್ಟ ಇರುವೆಗಳಲ್ಲಿ ಮನೆ ಬದಲಾವಣೆಯ ಕ್ರಮವನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಹೊಸ ಜಾಗ ಕಂಡ ಇರುವೆ ಮೊದಲು ಇನ್ನೊಂದನ್ನು ಹಿಂದೆ ಕರೆದುಕೊಂಡು ಮೆಲ್ಲನೆ ದಾರಿ ತೋರಿಸುತ್ತದೆ; ಹೊಸ ಜಾಗದಲ್ಲಿ ಸಾಕಷ್ಟು ಇರುವೆಗಳು ಕೂಡಿವೆ ಎಂದು ತಿಳಿದ ಮೇಲೆ ದಾರಿ ತೋರಿಸುವುದನ್ನು ಬಿಟ್ಟು ಸಂಗಡಿಗರನ್ನು ಎತ್ತಿಕೊಂಡೇ ಸಾಗಿಸತೊಡಗುತ್ತದೆ, ಈ ಹೊತ್ತೊಯ್ಯುವಿಕೆ ಮೂರು ಪಟ್ಟು ವೇಗದ್ದು. ನಮ್ಮ ದೇಶದಲ್ಲಿಯೂ ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಸುಮನಾ ಅಣ್ಣಗಿರಿ ಅವರ ಗುಂಪು ಡಯಾಕಾಮಾ ಇರುವೆಗಳ ಸ್ಥಳಾಂತರದ ಮೇಲೆ ಸೊಗಸಾದ ಕೆಲಸ ಮಾಡಿದೆ. ಆ ಜಾತಿಯಲ್ಲಿ ಬಲಿತ ಇರುವೆಗಳು ಒಂದರ ಹಿಂದೊಂದು ಜೋಡಿಯಾಗಿ ನಡೆದೇ ಹೊಸ ಮನೆ ಸೇರುತ್ತವೆ.

ನನ್ನ ಟಬ್ಬಿನಲ್ಲಿ ನಡೆದದ್ದಕ್ಕೂ ಬಹಳ ಹೊತ್ತಿನ ಅನುಮಾನ, ಆಮೇಲೆ ಇದ್ದಕ್ಕಿದ್ದಂತೆ ವೇಗ ಎಂಬ ಅದೇ ಲಯವಿತ್ತು. ಮಣ್ಣು ಪೂರ್ತಿ ಒಣಗಿ ಬಣ್ಣ ತಿರುಗಿದ ಮೇಲೆ, ಒಂದು ಸಂಜೆ ಒಂದು ಇರುವೆ ಮರಿಹುಳುಗಳ ಸಣ್ಣ ಗೊಂಚಲನ್ನು ಕಚ್ಚಿಕೊಂಡು ಪೈಪಿನೊಳಗೆ ನಡೆಯಿತು. ಅದರ ಹಿಂದೆ ಕೋಶ ಹೊತ್ತ ಇನ್ನೆರಡು. ರಾತ್ರಿಯಾಗುವಷ್ಟರಲ್ಲಿ ಪೈಪು ಹೋಗುವವು ಬರುವವುಗಳಿಂದ ತುಂಬಿಹೋಗಿತ್ತು. ಹೋಗಲೊಲ್ಲದ ಸಂಗಡಿಗಳನ್ನು ಎತ್ತಿಕೊಂಡು ಹೋಗುವುದನ್ನು ನಾನು ಭೂತಗನ್ನಡಿಯಲ್ಲಿ ಹತ್ತಿರದಿಂದ ನೋಡಿದೆ. ಹೊರುವ ಇರುವೆ ಇನ್ನೊಂದರ ದವಡೆಯನ್ನು ಕಚ್ಚಿ ಮೆಲ್ಲಗೆ ಎಳೆಯುತ್ತದೆ. ಎಳೆಸಿಕೊಂಡದ್ದು ಜಗಳವಾಡದೆ ಕಾಲುಗಳನ್ನೂ ಮೀಸೆಗಳನ್ನೂ ಮೈಗೆ ಮಡಚಿ, ಹೊಟ್ಟೆಯನ್ನು ಮುಂದಕ್ಕೆ ಬಾಗಿಸಿ, ಹೊರುವುದರ ತಲೆಯ ಕೆಳಗೆ ಚೆಂಡಿನಂತೆ ಸುರುಳಿಯಾಗಿ ನಿಶ್ಚಲವಾಗುತ್ತದೆ. ಪೈಪಿನ ಆಚೆ ತುದಿಯಲ್ಲಿ ಇಳಿಸಿದ ಕೂಡಲೇ ಕಾಲು ಬಿಚ್ಚಿ ಕೆಲಸಕ್ಕೆ ತೊಡಗುತ್ತದೆ. ರಾಣಿಯನ್ನು ಮಾತ್ರ ಯಾವುದೂ ಹೊರಲಿಲ್ಲ. ಮರಿಗಳಲ್ಲಿ ಅರ್ಧದಷ್ಟು ಆಚೆ ಸೇರಿದ ಮೇಲೆ, ಮುಂದೆ ಹಿಂದೆ ಇರುವೆಗಳ ನಡುವೆ ಅದು ತಾನೇ ನಡೆದು ಪೈಪು ಹೊಕ್ಕು, ಒಂದೆಡೆ ನಿಂತು, ಮತ್ತೆ ನಡೆದು ತೇವದ ಕೋಣೆ ಸೇರಿತು. ಆ ಹೊತ್ತಿನಲ್ಲಿ ನನಗಾದ ಸಮಾಧಾನವನ್ನು ಬರೆದು ತಿಳಿಸಲಾರೆ. ರಾಣಿ ದಾಟಿದ ಮೇಲೆ ಉಳಿದವು ತಡಮಾಡಲಿಲ್ಲ.

ಮಾರನೆಯ ದಿನ ತಂದಿದ್ದ ಇರುವೆಗಳನ್ನೂ ಅದೇ ಟಬ್ಬಿಗೆ ಬಿಟ್ಟಿದ್ದೆ. ಒಂದೇ ಗೂಡಿನವಾದ್ದರಿಂದ ಮೀಸೆಯಿಂದ ಮುಟ್ಟಿ ನೋಡಿ ಒಳಗೆ ಬಿಟ್ಟುಕೊಂಡವು. ಗೂಡಿನ ಗುರುತು ಅವುಗಳ ಮೈಮೇಲಿನ ಮೇಣದಂಥ ಹೈಡ್ರೊಕಾರ್ಬನ್‌ಗಳ ವಾಸನೆಯಲ್ಲಿರುತ್ತದೆ. ಬೇರೆ ಗೂಡಿನ ಇರುವೆಗಳನ್ನು ತಂದು ಸಂಖ್ಯೆ ಹೆಚ್ಚಿಸಲು ಹೋದರೆ ಕಾದಾಡಿ ಸಾಯುತ್ತವೆ.

ಸಂಸಾರ ಒಳಸೇರಿದ ಮೇಲೆ ಟಬ್ಬಿನ ಮಣ್ಣು ತೆಗೆದು, ಖಾಲಿ ಟಬ್ಬನ್ನೇ ಮೇವಿನ ಅಂಗಳವಾಗಿ ಉಳಿಸಿಕೊಂಡೆ. ಗೂಡಿನ ಬಾಯಿಯ ಬಳಿ ಮಾತ್ರ ಜರಡಿ ಹಿಡಿದು, ಹುರಿದು ಆರಿಸಿದ ನಯವಾದ ಮರಳನ್ನು ಸ್ವಲ್ಪ ಇಟ್ಟೆ. ಇದನ್ನು ಬಹಳ ಜನ ಮರೆಯುತ್ತಾರೆ. ಈ ಕುಲದ ಮರಿಹುಳು ಬಲಿತಾಗ ತನ್ನ ಸುತ್ತ ರೇಷ್ಮೆಯ ಗೂಡು ನೇಯುತ್ತದೆ, ನೇಯಲು ಎಳೆಗೆ ಆಧಾರ ಬೇಕು. ಕೆಲಸಗಾರ ಇರುವೆಗಳು ಮರಳಿನ ಕಣಗಳನ್ನು ತಂದು ಮರಿಹುಳುವಿನ ಮೇಲೆ ಮುಚ್ಚುತ್ತವೆ, ನೇಯ್ದು ಮುಗಿದ ಮೇಲೆ ಅದನ್ನು ಹೊರತೆಗೆದು ಕಣಗಳನ್ನೆಲ್ಲ ಕಿತ್ತು ಒಪ್ಪಮಾಡುತ್ತವೆ. ಗಾಜಿನ ಕೆಳಗೆ ಇದನ್ನು ಕಂಡ ನನ್ನ ವಿದ್ಯಾರ್ಥಿಯೊಬ್ಬಳು ಉಳಿದ ತರಗತಿಯನ್ನೆಲ್ಲ ಕೂಗಿ ಕರೆದಳು. ನೋಡಲು ಅನುಕೂಲವಾಗಲೆಂದು ರಟ್ಟು ತೆಗೆದು ಕೆಂಪು ಜಿಲೆಟಿನ್ ಕಾಗದ ಅಂಟಿಸಿದ್ದೆ. ಇರುವೆಗಳಿಗೆ ಕೆಂಪು ಬೆಳಕು ಕತ್ತಲೆಯ ಹಾಗೆಯೇ. ನಮಗೆ ಕಾಣದ ನೇರಳಾತೀತ ಬೆಳಕು ಮಾತ್ರ ಅವುಗಳಿಗೆ ಚೆನ್ನಾಗಿ ಕಾಣುತ್ತದೆ ಎಂದು ತೋರಿಸಿದವನು ಇಂಗ್ಲೆಂಡಿನ ಜಾನ್ ಲಬಕ್. ಎರಡು ಗಾಜಿನ ಹಲಗೆಗಳ ನಡುವೆ ಮಣ್ಣು ತುಂಬಿ ಇರುವೆ ಸಾಕಿದ ಆತ 1874ರ ಡಿಸೆಂಬರ್‌ನಲ್ಲಿ ಕಾಡಿನಿಂದ ತಂದ ಒಂದು ರಾಣಿ 1888ರವರೆಗೆ ಬದುಕಿತ್ತು. ನೆಲದಿಂದ ಎತ್ತಿ ತಂದ ಸಂಸಾರ ಸರಿಯಾದ ಆರೈಕೆಯಲ್ಲಿ ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಮೇವಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಎಚ್ಚರ ವಹಿಸಬೇಕು. ಸಕ್ಕರೆ ನೀರು ಅಥವಾ ತೆಳುಮಾಡಿದ ಜೇನು ಸದಾ ಇರಬೇಕು. ಒಂದು ಇರುವೆ ಕುಡಿದು ಬಂದು ಬಾಯಿಗೆ ಬಾಯಿ ಕೊಟ್ಟು ಇನ್ನೊಂದಕ್ಕೆ ಉಣಿಸುತ್ತದೆ. ಮರಿಗಳು ಬೆಳೆಯಲು, ರಾಣಿ ಮೊಟ್ಟೆಯಿಡಲು ಹುಳುಗಳ ಮಾಂಸ ಬೇಕು. ತೊಗರಿ ಹೊಲದ ಕಾಯಿಕೊರಕ ಹುಳುಗಳು ಬೊಗಸೆಗಟ್ಟಲೆ ಸಿಗುತ್ತವೆ, ಆದರೆ ಅವುಗಳ ಮೇಲೆ ಔಷಧ ಹೊಡೆದಿರದ ಹೊಲ ಸಿಗುವುದು ಅಪರೂಪ. ವಿಷ ಉಂಡ ಒಂದೇ ಹುಳು ಹಂಚಿಕೊಂಡು ತಿನ್ನುವ ಇಡೀ ಸಂಸಾರವನ್ನು ಮುಗಿಸಬಲ್ಲದು. ನಾನು ಮನೆಯಲ್ಲಿಯೇ ಸಾಕಿದ ಜೀರುಂಡೆಗಳನ್ನೂ ಗೆದ್ದಲುಗಳನ್ನೂ ಕೊಡುತ್ತೇನೆ. ಇಲ್ಲದ ದಿನ, 1970ರಲ್ಲಿ ಕೀಟವಿಜ್ಞಾನಿಗಳಾದ ಭಾಟ್ಕರ್ ಮತ್ತು ವಿಟ್ಕಂಬ್ ಪ್ರಕಟಿಸಿದ ಮೇವನ್ನು ಮಾಡಿಡುತ್ತೇನೆ: ಒಂದು ಕೋಳಿ ಮೊಟ್ಟೆ, 62 ಮಿಲಿಲೀಟರ್ ಜೇನು, 5 ಗ್ರಾಂ ಅಗಾರ್, ಒಂದು ಗ್ರಾಂ ಜೀವಸತ್ವ–ಖನಿಜಗಳ ಪುಡಿ, 500 ಮಿಲಿಲೀಟರ್ ನೀರು. ತಿಂದುಳಿದದ್ದನ್ನು ಮಾರನೆಯ ಬೆಳಿಗ್ಗೆಯೇ ತೆಗೆಯುತ್ತೇನೆ.

ಬೇಸಿಗೆಯಲ್ಲಿ ಕಲಬುರಗಿಯ ತಾಪ 43 ಡಿಗ್ರಿ ದಾಟುವ ದಿನಗಳಲ್ಲಿ ಗೂಡನ್ನು ಮೇಜಿನಿಂದ ಇಳಿಸಿ, ಒಳಕೋಣೆಯ ಫರಸಿ ನೆಲದ ಮೇಲೆ ನೇರವಾಗಿ ಇಟ್ಟುಬಿಡುತ್ತೇನೆ. ಆ ಕಲ್ಲು ಮಧ್ಯಾಹ್ನದಲ್ಲಿಯೂ ತಂಪಾಗಿರುತ್ತದೆ. ನೀರಿನ ಗುಂಡಿಗೆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಹಾಕಿದರೆ ಸಾಕಾಗುತ್ತಿದ್ದ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ದಿನವೂ ಹಾಕಬೇಕು, ಮಳೆಗಾಲ ಬಂದು ಗಾಜಿನ ಒಳಗೆ ಹನಿ ಕಟ್ಟತೊಡಗಿದರೆ ಕಡಿಮೆ ಮಾಡಬೇಕು. ಮರಿಗಳು ಎಲ್ಲಿವೆ ಎಂದು ನೋಡಿದರೆ ಎಷ್ಟು ಹಾಕಬೇಕೆಂಬುದು ತಿಳಿಯುತ್ತದೆ: ಎಲ್ಲವನ್ನೂ ಗುಂಡಿಯ ಪಕ್ಕಕ್ಕೆ ತಂದು ಒಟ್ಟಿದ್ದರೆ ತೇವ ಸಾಲದು, ಎಲ್ಲವನ್ನೂ ಒಣ ತುದಿಗೆ ಒಯ್ದಿದ್ದರೆ ಹೆಚ್ಚಾಗಿದೆ. ತಂದ ಕೋಶಗಳೆಲ್ಲ ಒಡೆದು ಎಳೆಯ ಇರುವೆಗಳು ಹೊರಬಂದಿವೆ, ರಾಣಿ ಇಟ್ಟ ಹೊಸ ಮೊಟ್ಟೆಗಳೂ ಮರಿಗಳಾಗಿವೆ. ಅದಕ್ಕಾಗಿ ಎರಡನೆಯ ಬ್ಲಾಕನ್ನು ಕೆತ್ತಿ, ನೆನೆಸಿ, ಮೊದಲನೆಯದಕ್ಕೆ ಪೈಪಿನಿಂದ ಜೋಡಿಸಿದ್ದೇನೆ; ಈಗಿರುವ ಕೋಣೆಗಳು ತುಂಬುವವರೆಗೆ ಅದರ ಬಿರಡೆ ತೆಗೆಯುವುದಿಲ್ಲ.